ಮೂರು ನಿಮಿಷದ ಟ್ರಾನ್ಸ್‌ಫಾರ್ಮರ್

(ನಮ್ಮೂರಿನ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಭಾನುವಾರದ ಕೂಟದಲ್ಲಿ ಆಡಿದ ಮಾತು. ಆಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಗಡ್ಡೆಯನ್ನು, ಅಂದರೆ ವೋಲ್ಟೇಜ್ ಏರಿಸುವ ಇಳಿಸುವ ಈ ಟ್ರಾನ್ಸ್‌ಫಾರ್ಮರನ್ನು, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಎರಡೂ ಕೈಯಲ್ಲಿ ಹಿಡಿಯಿರಿ, ಕಾಲ ಮೇಲೆ ಬಿದ್ದರೆ ಹೆಬ್ಬೆರಳಿನ ಕಥೆ ಮುಗಿಯಿತು. ಸುಮಾರು 5 ಕೆಜಿ ಇದೆ. ಯಾವುದಕ್ಕೂ ಜೋಡಿಸಿಲ್ಲ, ಧೈರ್ಯವಾಗಿ ಮುಟ್ಟಿ. ಪ್ಲಗ್ ತೆಗೆದ ಮೇಲೆ ಟ್ರಾನ್ಸ್‌ಫಾರ್ಮರ್ ತನ್ನೊಳಗೆ ಏನನ್ನೂ ಕೂಡಿಟ್ಟುಕೊಳ್ಳುವುದಿಲ್ಲ. ಕೂಡಿಟ್ಟುಕೊಳ್ಳುವವನು ಇನ್ನೊಬ್ಬನಿದ್ದಾನೆ. ಅವನ ಕಥೆ ಆಮೇಲೆ.

ನಾನು ಎಂಜಿನಿಯರ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ಮನೆಯ ಹಿಂದಿನ ಶೀಟ್ ಮನೆಯಲ್ಲಿ ಸಂಜೆ ಹೊತ್ತು ಬೆಸುಗೆ ಹಾಕುತ್ತಾ ಕೂರುವವನು. ಈ ಟ್ರಾನ್ಸ್‌ಫಾರ್ಮರ್ ನನ್ನ ಕೈಗೆ ಬಂದದ್ದು ಎದುರು ಮನೆಯವರ ಹಳೇ ಮೈಕ್ರೋವೇವ್ ಓವನ್ನಿನಿಂದ. ಓವನ್ ಕೆಟ್ಟರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ ಗೊತ್ತಲ್ವಾ? ಮೊದಲು ಅದರೊಳಗೆ ಬ್ರೆಡ್ ಇಡುತ್ತೇವೆ. ಆಮೇಲೆ ಅದರ ಮೇಲೆ ಹಳೇ ಪೇಪರ್ ಪೇರಿಸುತ್ತೇವೆ. ಕೊನೆಗೆ ಆಯುಧಪೂಜೆಗೆ ಮನೆ ತೊಳೆಯುವ ದಿನ ಗುಜರಿಯವರಿಗೆ ಕೊಡುತ್ತೇವೆ. ಗುಜರಿಯವರು ಬಾಡಿಯನ್ನು ಕಬ್ಬಿಣಕ್ಕೆ, ಈ ಗಡ್ಡೆಯನ್ನು ತಾಮ್ರಕ್ಕೆ ತೂಗುತ್ತಾರೆ. ನಾನು ಆ ಇಬ್ಬರ ನಡುವೆ ನುಗ್ಗಿದೆ, ಅಷ್ಟೇ.

ತಮಾಷೆ ಎಂದರೆ, ಸಾಮಾನ್ಯವಾಗಿ ಕೆಟ್ಟಿರುವುದು ಬಾಗಿಲಿನ ಸ್ವಿಚ್ಚು, ಫ್ಯೂಸು, ಮುಂದಿನ ಕೀಪ್ಯಾಡ್, ಇಲ್ಲವೇ ಅಡುಗೆ ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್. ಟ್ರಾನ್ಸ್‌ಫಾರ್ಮರ್ ಕೆಡುವುದು ಅಪರೂಪ. ಒಂದು ಕಿಲೋವ್ಯಾಟ್ ಎಳೆಯಬಲ್ಲ ಹೊಸ ಟ್ರಾನ್ಸ್‌ಫಾರ್ಮರ್ ಮಾಡಿಸಿಕೊಡಿ ಎಂದು ವೈಂಡಿಂಗ್ ಅಂಗಡಿಯಲ್ಲಿ ಕೇಳಿ ನೋಡಿ, ಬೆಲೆ ಕೇಳಿ ಸುಮ್ನೆ ವಾಪಸ್ ಬರುತ್ತೀರಿ. ಇಲ್ಲಿ ಅದು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಹಾಗಾಗಿ ಎಲ್ಲರಿಗೂ ಆಸೆ. ನನಗೂ ಆಗಿತ್ತು.

ಆ ಆಸೆಗೆ ಒಂದು ಷರತ್ತು ಹಾಕುವುದಕ್ಕೇ ಇವತ್ತು ಬಂದಿದ್ದೇನೆ. ಇದರಲ್ಲಿ ನಮಗೆ ಬೇಕಾದದ್ದು ಕಬ್ಬಿಣ ಮತ್ತು ಮನೆಯ ಕರೆಂಟ್ ಹೋಗುವ ಪ್ರೈಮರಿ ಸುತ್ತು. ಎರಡು ಸಾವಿರ ವೋಲ್ಟಿನ ಆ ಇನ್ನೊಂದು ಸುತ್ತು ಬೇಡ. ಅದನ್ನು ಕತ್ತರಿಸಿ ತೆಗೆದ ಮೇಲೆಯೇ ಇದಕ್ಕೆ ಪ್ಲಗ್ ಕಟ್ಟಬೇಕು, ಅದಕ್ಕೆ ಮೊದಲು ಅಲ್ಲ. "ಒಂದೇ ಒಂದು ಸಲ ಹಾಗೇ ಹಾಕಿ ನೋಡೋಣ" ಎನ್ನುವ ಮಾತೇ ಬೇಡ.

ಸರಿ, ಈಗ ಇದನ್ನು ನೋಡೋಣ.

1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ಇಬ್ಬರು ರಾಡಾರ್‌ಗಾಗಿ ಹೊಸ ಬಗೆಯ ಮ್ಯಾಗ್ನೆಟ್ರಾನ್ ಕಟ್ಟಿದರು. ಅದೇ ವರ್ಷ ಅದು ಅಮೆರಿಕಕ್ಕೆ ಹೋಯಿತು. ಅಲ್ಲಿ ರೇಥಿಯನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಇದರಿಂದ ಅಡುಗೆ ಮಾಡುವುದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಜೇಬಿನಲ್ಲಿದ್ದ ಮಿಠಾಯಿ ಕರಗಿದ ಕಥೆ ನೀವೂ ಕೇಳಿರುತ್ತೀರಿ. 1947ರ ಮೊದಲ ಓವನ್ ಆಳೆತ್ತರ ಇತ್ತು, ತೂಕ 300 ಕೆಜಿಗೂ ಜಾಸ್ತಿ. ಅಡುಗೆ ಕಟ್ಟೆಯ ಮೇಲೆ ಕೂರುವ ಮನೆಬಳಕೆಯ ಓವನ್ ಅಮಾನಾ ಹೆಸರಿನಲ್ಲಿ ಬಂದದ್ದು 1967ರಲ್ಲಿ. 300 ಕೆಜಿ ಇದ್ದದ್ದು ಕಟ್ಟೆಯ ಮೇಲೆ ಕೂರಬೇಕಾದರೆ ಎಲ್ಲವನ್ನೂ ಹಿಂಡಿ ಹಿಂಡಿ ಸಣ್ಣದು ಮಾಡಬೇಕು. ಈ ಟ್ರಾನ್ಸ್‌ಫಾರ್ಮರನ್ನೂ ಹಾಗೇ ಹಿಂಡಿದ್ದಾರೆ. ಅದರ ಗುಣ, ಅವಗುಣ ಎರಡೂ ಅಲ್ಲಿಂದಲೇ ಬಂದದ್ದು.

ನೋಡಿ, ಇದರಲ್ಲಿ ಮೂರು ಸುತ್ತುಗಳಿವೆ. ದಪ್ಪ ವೈರಿನದು ಪ್ರೈಮರಿ, 230 ವೋಲ್ಟ್ ಹೋಗುವುದು ಇಲ್ಲಿಗೆ. ಕೂದಲಿಗಿಂತ ಸ್ವಲ್ಪ ದಪ್ಪ ಅನ್ನಿಸುವ ವೈರಿನ ದೊಡ್ಡ ಉಂಡೆ ಸೆಕೆಂಡರಿ, ಅಲ್ಲಿ ಹುಟ್ಟುವುದು 2000ದಿಂದ 2300 ವೋಲ್ಟ್. ನಡುವೆ ಮೂರು ನಾಲ್ಕು ಸುತ್ತು ಪ್ಲಾಸ್ಟಿಕ್ ಹೊದಿಕೆಯ ವೈರ್ ಇದೆಯಲ್ಲ, ಅದು ಮ್ಯಾಗ್ನೆಟ್ರಾನಿನ ಫಿಲಮೆಂಟಿಗೆ ಮೂರು ಚಿಲ್ಲರೆ ವೋಲ್ಟ್ ಕೊಡುತ್ತದೆ. ಸೆಕೆಂಡರಿಯ ಒಂದು ತುದಿಯನ್ನು ಸೀದಾ ಈ ಕಬ್ಬಿಣಕ್ಕೇ, ಅಂದರೆ ಕೋರ್‌ಗೇ ಬೆಸೆದಿರುತ್ತಾರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಓವನ್ನಿನಲ್ಲಿ ಈ ಸೆಕೆಂಡರಿ ಜೊತೆ ಒಂದು ಕೆಪಾಸಿಟರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಸೇರಿ ವೋಲ್ಟೇಜನ್ನು ದುಪ್ಪಟ್ಟು ಮಾಡಿ ಮ್ಯಾಗ್ನೆಟ್ರಾನಿಗೆ ಸುಮಾರು 4000 ವೋಲ್ಟ್ ಕೊಡುತ್ತವೆ.

ಇನ್ನೊಂದು ವಿಷಯ. ಪ್ರೈಮರಿಗೂ ಸೆಕೆಂಡರಿಗೂ ನಡುವೆ, ಆ ಕಡೆ ಒಂದು ಈ ಕಡೆ ಒಂದು, ಕಬ್ಬಿಣದ ಸಣ್ಣ ಪಟ್ಟಿಗಳ ಕಟ್ಟು ತುರುಕಿದ್ದಾರೆ. ಅವೇ ಶಂಟ್. ಕಾಲುವೆಯ ಮಧ್ಯೆ ಪಕ್ಕಕ್ಕೆ ಒಂದು ತೂಬು ಬಿಟ್ಟಂತೆ. ಸೆಕೆಂಡರಿ ಜಾಸ್ತಿ ಕರೆಂಟ್ ಎಳೆಯಲು ಹೋದಷ್ಟೂ ಫ್ಲಕ್ಸ್, ಅಂದರೆ ಕಬ್ಬಿಣದೊಳಗಿನ ಕಾಂತದ ಹರಿವು, ಈ ತೂಬಿನಿಂದ ಪಕ್ಕಕ್ಕೆ ಹರಿದುಹೋಗುತ್ತದೆ. ಮ್ಯಾಗ್ನೆಟ್ರಾನ್ ಒಮ್ಮೆ ಹೊತ್ತಿಕೊಂಡರೆ ಬೇಕಾಬಿಟ್ಟಿ ಕರೆಂಟ್ ಎಳೆಯುವ ಸ್ವಭಾವದ್ದು, ಅದಕ್ಕೆ ಈ ಕಡಿವಾಣ.

ಈಗ ನನ್ನ ಪೆದ್ದುತನದ ಕಥೆ.

ಮೊದಲ ಟ್ರಾನ್ಸ್‌ಫಾರ್ಮರ್ ಸಿಕ್ಕಾಗ ನನ್ನ ತಲೆಯಲ್ಲಿದ್ದದ್ದು ಆಂಪ್ಲಿಫೈಯರ್. ಗಣಪತಿ ಕೂರಿಸುವ ಪೆಂಡಾಲಿಗೆ ಒಂದು ಗಟ್ಟಿ ಆಂಪ್ಲಿಫೈಯರ್ ಮಾಡಿಕೊಡುತ್ತೇನೆ ಎಂದು ಬೀದಿಯ ಹುಡುಗರಿಗೆ ಮಾತು ಕೊಟ್ಟಿದ್ದೆ. ಸೆಕೆಂಡರಿ ತೆಗೆದೆ, ಬೇಕಾದಷ್ಟು ವೋಲ್ಟಿಗೆ ಹೊಸ ಸುತ್ತು ಹಾಕಿದೆ, ಆನ್ ಮಾಡಿದೆ. ಇನ್ನೂ ಯಾವ ಲೋಡೂ ಇಲ್ಲ, ಆಗಲೇ ಗುಂಯ್ ಎಂದು ಶುರುವಾಯಿತು. ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಸುಮ್ನೆ ಕೂತಲ್ಲೇ ಎರಡು ಆಂಪ್ ಹತ್ತಿರ ಎಳೆಯುತ್ತಿದೆ. ಅರ್ಧ ಗಂಟೆಯಲ್ಲಿ ಕೋರ್ ಮೇಲೆ ಕೈ ಇಡಲು ಆಗಲಿಲ್ಲ. ಅದರ ಮೇಲೆ, ಸೋರಿದ ಫ್ಲಕ್ಸ್ ಎಲ್ಲ ಆಂಪ್ಲಿಫೈಯರ್ ಬೋರ್ಡಿಗೆ ನುಗ್ಗಿ ಸ್ಪೀಕರಿನಲ್ಲೂ ಅದೇ ಗುಂಯ್. ಆ ವರ್ಷ ಗಣಪತಿ ಬಾಡಿಗೆ ಸೌಂಡ್ ಸಿಸ್ಟಮ್ಮಿನಲ್ಲೇ ಹಾಡು ಕೇಳಿದ.

ಯಾಕೆ ಹೀಗಾಯಿತು? ಟ್ರಾನ್ಸ್‌ಫಾರ್ಮರಿಗೆ ಸುತ್ತು ಕಡಿಮೆ ಹಾಕಿದಷ್ಟೂ ತಾಮ್ರ ಉಳಿಯುತ್ತದೆ. ಆದರೆ ಕಬ್ಬಿಣದ ಮೇಲೆ ಹೊರೆ ಏರುತ್ತದೆ. ಸಾಮಾನ್ಯ ಟ್ರಾನ್ಸ್‌ಫಾರ್ಮರನ್ನು ಕಬ್ಬಿಣ ಆರಾಮಾಗಿ ಉಸಿರಾಡುವ ಮಟ್ಟದಲ್ಲಿ ಇಡುತ್ತಾರೆ. ಇದನ್ನು ಕಬ್ಬಿಣ ತುಂಬಿ ತುಳುಕುವ ಅಂಚಿಗೆ, ಅಂದರೆ ಸ್ಯಾಚುರೇಶನ್ ಬಾಗಿಲಿಗೇ ತಂದು ನಿಲ್ಲಿಸಿರುತ್ತಾರೆ. ಓವನ್ನಿನಲ್ಲಿ ಅದು ನಡೆಯುತ್ತದೆ. ಹಾಲು ಬಿಸಿಯಾಗುವುದು ಎರಡು ನಿಮಿಷ, ಪಾಪ್‌ಕಾರ್ನ್ ಮೂರು ನಿಮಿಷ. ಪಕ್ಕದಲ್ಲೇ ಒಂದು ಫ್ಯಾನ್ ಬೀಸುತ್ತಿರುತ್ತದೆ. ಆಮೇಲೆ ಇಡೀ ದಿನ ರಜ. ಗಂಟೆಗಟ್ಟಲೆ ದುಡಿಯಲು ಇದನ್ನು ಮಾಡಿಲ್ಲ. ನೂರು ಮೀಟರ್ ಓಡುವವನನ್ನು ತಂದು ಗದ್ದೆ ಉಳಲು ಕಟ್ಟಿದ್ದು ನನ್ನ ತಪ್ಪು.

ಅಂದಮೇಲೆ ಇದಕ್ಕೆ ಒಪ್ಪುವ ಕೆಲಸ ಯಾವುದು? ಕ್ಷಣ ಹೊತ್ತು ಸಿಕ್ಕಾಪಟ್ಟೆ ಕರೆಂಟ್ ಕೊಟ್ಟು ಸುಮ್ಮನಾಗುವ ಕೆಲಸ. ಸ್ಪಾಟ್ ವೆಲ್ಡಿಂಗ್, ಅಂದರೆ ಎರಡು ತಗಡನ್ನು ಒಂದು ಚುಕ್ಕೆಯಲ್ಲಿ ಕರಗಿಸಿ ಬೆಸೆಯುವುದು. ಇವತ್ತಿನ ಮಾತಿನ ಮುಕ್ಕಾಲು ಪಾಲು ಅದೇ. ಅದಕ್ಕೆ ಮೊದಲು ಓವನ್ ಬಿಚ್ಚಬೇಕು. ಚಾರ್ಜ್ ಕೂಡಿಟ್ಟುಕೊಳ್ಳುವ ಆ ಇನ್ನೊಬ್ಬ ಇಲ್ಲೇ ಸಿಗುವುದು.

ಕೆಪಾಸಿಟರ್. ಸ್ಟೀಲ್ ಡಬ್ಬಿಯ ಹಾಗೆ ಇರುತ್ತದೆ, ಸುಮಾರು 1 ಮೈಕ್ರೋಫ್ಯಾರಡ್. ಓವನ್ ಪ್ಲಗ್ ತೆಗೆದಾಗ ಅದರಲ್ಲಿ 3000 ವೋಲ್ಟ್ ಹತ್ತಿರ ಉಳಿದಿರಬಹುದು. ಲೆಕ್ಕ ಹಾಕಿದರೆ ನಾಲ್ಕು ಜೂಲ್‌ಗಿಂತ ಸ್ವಲ್ಪ ಜಾಸ್ತಿ ಶಕ್ತಿ. ನಾಲ್ಕು ಜೂಲ್ ಎಂದರೆ ಅರ್ಧ ಕೆಜಿ ಕಲ್ಲು ಸೊಂಟದ ಎತ್ತರದಿಂದ ಬಿದ್ದಷ್ಟು, ಅಷ್ಟೇನಾ ಅನ್ನಿಸುತ್ತದೆ. ಆದರೆ ಅದು ಕೈಯಿಂದ ಎದೆಯ ಮೂಲಕ ಒಂದೇ ಏಟಿಗೆ ಹೋಗುತ್ತದೆ. ಒಳ್ಳೆಯ ಕೆಪಾಸಿಟರಿನ ಒಳಗೇ 10 ಮೆಗಾ ಓಮ್‌ನ ಒಂದು ರೆಸಿಸ್ಟರ್, ಚಾರ್ಜನ್ನು ನಿಧಾನಕ್ಕೆ ಬಸಿಯುವ ತಡೆ, ಇರುತ್ತದೆ. ಅದು ಸರಿ ಇದ್ದರೆ ಒಂದು ನಿಮಿಷದಲ್ಲಿ ವೋಲ್ಟೇಜ್ ಹತ್ತಕ್ಕಿಂತ ಕೆಳಗಿಳಿಯುತ್ತದೆ. ಸರಿ ಇದ್ದರೆ ಮಾತ್ರ. ಅದು ಕಡಿದುಹೋಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಚಾರ್ಜ್ ದಿನಗಟ್ಟಲೆ ಕೂತಿರಬಹುದು. ಕೆಟ್ಟ ಓವನ್ ಬಿಚ್ಚುತ್ತಿದ್ದೀರಿ ಎನ್ನುವುದು ನೆನಪಿರಲಿ. ಏನು ಕೆಟ್ಟಿದೆ ಎಂದು ಯಾರಿಗೆ ಗೊತ್ತು?

ನಾನು ಮಾಡುವುದು ಹೀಗೆ. ಪ್ಲಗ್ ತೆಗೆದು ಕಣ್ಣ ಮುಂದೆ ಇಟ್ಟುಕೊಳ್ಳುತ್ತೇನೆ. ಐದು ನಿಮಿಷ ಕಾಫಿ ಕುಡಿಯುತ್ತೇನೆ. ಆಮೇಲೆ ಮುಚ್ಚಳ ತೆಗೆದು, ಒಂದು ಉದ್ದ ಪಿವಿಸಿ ಪೈಪಿನೊಳಗೆ 10 ಕಿಲೋ ಓಮ್, 2 ವ್ಯಾಟಿನ ಹತ್ತು ರೆಸಿಸ್ಟರುಗಳನ್ನು ಸರಪಳಿಯಾಗಿ ಬೆಸೆದು ಮಾಡಿಕೊಂಡ ಕೋಲಿನಿಂದ ಕೆಪಾಸಿಟರಿನ ಎರಡು ಕಾಲುಗಳನ್ನೂ ಸೇರಿಸುತ್ತೇನೆ. ಆಮೇಲೆ ಒಂದೊಂದು ಕಾಲನ್ನೂ ಓವನ್ನಿನ ಬಾಡಿಗೆ. ಎಡಗೈ ಪ್ಯಾಂಟಿನ ಜೇಬಿನಲ್ಲಿರುತ್ತದೆ. ಕೊನೆಗೆ ಎರಡೂ ಕಾಲಿಗೆ ಒಂದು ತುಂಡು ವೈರ್ ಸುತ್ತಿ ಹಾಗೇ ಬಿಡುತ್ತೇನೆ. ಮೊದಲೇ ಮಲ್ಟಿಮೀಟರ್ ಇಟ್ಟು ನೋಡೋಣ ಎನ್ನಬೇಡಿ, ನಮ್ಮ ಮೀಟರುಗಳು 3000 ವೋಲ್ಟಿಗೆ ಮಾಡಿದವಲ್ಲ.

ಒಳಗೆ ಇನ್ನೂ ಒಂದು ಮಾತು. ಮ್ಯಾಗ್ನೆಟ್ರಾನಿನಿಂದ ಎರಡು ಬಳೆಯಂಥ ಅಯಸ್ಕಾಂತ ಸಿಗುತ್ತವೆ, ಬಿದ್ದ ಸ್ಕ್ರೂ ಹುಡುಕಲು ಬಹಳ ಚೆನ್ನ. ಆದರೆ ಅದರ ಸೆರಾಮಿಕ್ ಭಾಗವನ್ನು ಒಡೆಯಲು, ಉಜ್ಜಲು ಹೋಗಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ತಿರುಗಿ ಸರಿಹೋಗದ ಕಾಯಿಲೆ. ಅಯಸ್ಕಾಂತ ಸುಲಭವಾಗಿ ಬರದಿದ್ದರೆ ಬಿಟ್ಟುಬಿಡಿ.

ಈಗ ಸೆಕೆಂಡರಿಯನ್ನು ಯಾಕೆ ಇಷ್ಟು ದ್ವೇಷಿಸುತ್ತೇನೆ ಎಂದು ಹೇಳುತ್ತೇನೆ.

ಮನೆಯ 230 ವೋಲ್ಟ್ ಹೊಡೆದು ಬದುಕಿದವರು ಈ ಹಾಲ್‌ನಲ್ಲೇ ಅರ್ಧ ಜನ ಇದ್ದೀರಿ, ಕೈ ಎತ್ತಿ ನೋಡೋಣ. ಸರಿ. ಹಾಗಾಗಿ "ಶಾಕ್ ಹೊಡೆದರೆ ಕೈ ಎಳೆದುಕೊಂಡರಾಯಿತು" ಎನ್ನುವ ಧೈರ್ಯ ನಮಗೆಲ್ಲ ಇದೆ. ಇಲ್ಲಿ ಆ ಧೈರ್ಯ ಕೆಲಸ ಮಾಡುವುದಿಲ್ಲ. 2000 ವೋಲ್ಟಿಗೆ ಚರ್ಮದ ತಡೆ ಲೆಕ್ಕಕ್ಕೇ ಇಲ್ಲ. ಎದೆಯ ಮೂಲಕ ಹೋಗುವ ಕೆಲವು ಹತ್ತು ಮಿಲಿಆಂಪ್ ಕರೆಂಟು ಹೃದಯದ ಲಯ ತಪ್ಪಿಸಲು ಸಾಕು. ಇದು ಅರ್ಧ ಆಂಪ್ ಆರಾಮಾಗಿ ಕೊಡುತ್ತದೆ.

"ನಮ್ಮನೆಯಲ್ಲಿ ಇಎಲ್‌ಸಿಬಿ ಇದೆ ಸರ್" ಎನ್ನುತ್ತಾರೆ. ದಯವಿಟ್ಟು ಕೇಳಿ, ಇವತ್ತು ಬೇರೆ ಏನು ಮರೆತರೂ ಪರವಾಗಿಲ್ಲ. ಇಎಲ್‌ಸಿಬಿ, ಆರ್‌ಸಿಸಿಬಿ ಏನೇ ಕರೆಯಿರಿ, ಅದು ನೋಡುವುದು ಒಂದನ್ನೇ: ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಬಂತಾ? 30 ಮಿಲಿಆಂಪ್ ಆಸುಪಾಸು ಕಡಿಮೆ ಬಂದರೆ, ಎಲ್ಲೋ ಭೂಮಿಗೆ ಸೋರಿತು ಎಂದು ಕಟ್ ಆಗುತ್ತದೆ. ಆದರೆ ಸೆಕೆಂಡರಿ ಬೇರೆಯದೇ ಸುತ್ತು. ಅದರಿಂದ ಹೊರಟ ಕರೆಂಟು ನಿಮ್ಮ ಮೈಯ ಮೂಲಕ ಹೋಗಿ, ಆಗಲೇ ಹೇಳಿದೆನಲ್ಲ ಒಂದು ತುದಿ ಕೋರ್‌ಗೆ ಬೆಸೆದಿದ್ದಾರೆ ಎಂದು, ಆ ಕೋರಿನ ಮೂಲಕ ತನ್ನ ಮನೆಗೇ ವಾಪಸ್ ಹೋಗುತ್ತದೆ. ಪ್ರೈಮರಿಯ ಕಡೆ ಹೋದದ್ದೂ ಬಂದದ್ದೂ ಸಮ. ಇಎಲ್‌ಸಿಬಿ ಕಣ್ಣಿಗೆ ಎಲ್ಲ ಸರಿಯಾಗಿದೆ. ಕರೆಂಟ್ ಮಿತಿ ಮೀರಿದಾಗ ಮಾತ್ರ ಬೀಳುವ ಎಂಸಿಬಿಗಂತೂ ಇದು ಒಂದು ಸಣ್ಣ ಹೀಟರಿನಷ್ಟೂ ಅಲ್ಲ. ಮನುಷ್ಯ ಅಂಟಿಕೊಂಡಿರುತ್ತಾನೆ, ಬೋರ್ಡಿನಲ್ಲಿ ಎಲ್ಲ ಸ್ವಿಚ್ಚೂ ಮೇಲೇ ಇರುತ್ತವೆ.

ಇದೇ ಸುತ್ತನ್ನು ಮರದ ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡಲು ಬಳಸುವ ವಿಡಿಯೋಗಳನ್ನು ನೀವು ನೋಡಿರುತ್ತೀರಿ. ಉಪ್ಪು ನೀರು ಬಳಿದು ಎರಡು ಮೊಳೆ ಹೊಡೆದು ಕರೆಂಟ್ ಬಿಡುವುದು. ನೋಡಲು ಚಂದವೇ, ಬೇರು ಹರಡಿದ ಹಾಗೆ ಉರಿಯುತ್ತದೆ. ಅದನ್ನು ಮಾಡಲು ಹೋಗಿ ಸತ್ತವರು ಎಷ್ಟೋ ಜನ. ಅಮೆರಿಕದ ಮರ ಕಡೆಯುವವರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ಪೂರ್ತಿ ನಿಷೇಧಿಸಿದೆ. 2022ರಲ್ಲಿ ಆಸ್ಟ್ರೇಲಿಯಾದ ಆ್ಯನ್ ರಿಯರ್ಡನ್ ಎಂಬ ಅಡುಗೆ ಚಾನೆಲ್ಲಿನವರು ಇದು ಕೊಲ್ಲುತ್ತದೆ ಎಂದು ಎಚ್ಚರಿಸುವ ವಿಡಿಯೋ ಹಾಕಿದರು. ಯೂಟ್ಯೂಬ್ ಮೊದಲು ತೆಗೆದದ್ದು ಎಚ್ಚರಿಕೆಯ ಆ ವಿಡಿಯೋವನ್ನೇ! ಗಲಾಟೆಯಾದ ಮೇಲೆ ವಾಪಸ್ ಹಾಕಿದರು. ಮರದ ಕೆಲಸ ಬಲ್ಲವರು ಇಲ್ಲಿದ್ದರೆ, ಉಳಿ ಹಿಡಿಯಿರಿ. ಇದು ಬೇಡ.

ಕತ್ತರಿಸುವುದು ಹೇಗೆ? ಕೋರಿನಿಂದ ಹೊರಗೆ ಚಾಚಿದ ಸೆಕೆಂಡರಿಯ ಎರಡೂ ಮಗ್ಗುಲನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ. ಈಗಿನವು ಬಹಳಷ್ಟು ಅಲ್ಯೂಮಿನಿಯಂ ಸುತ್ತು, ಬೆಣ್ಣೆಯ ಹಾಗೆ ಬರುತ್ತದೆ. ತಾಮ್ರವಾದರೆ ಸಂಜೆಯೆಲ್ಲಾ ಬೇಕು. ಆಮೇಲೆ ಒಳಗೆ ಉಳಿದದ್ದನ್ನು ಒಂದು ಚಪ್ಪಟೆ ರಾಡಿನಿಂದ ಒಂದು ಕಡೆಯಿಂದ ಹೊಡೆದು ಇನ್ನೊಂದು ಕಡೆಗೆ ತಳ್ಳಬೇಕು. ಪ್ರೈಮರಿಯ ಮೇಲೆ ದಪ್ಪ ರಟ್ಟು ಮುಚ್ಚಿಕೊಳ್ಳಿ. ಅದರ ವೈರಿನ ಮೇಲಿನ ತೆಳು ಲೇಪ, ಇನಾಮಲ್, ಒಂದು ಕಡೆ ಗೀಚಿದರೂ ಮುಂದೆ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಸುಡುತ್ತದೆ. ನಾನು ಹಾಗೆ ಒಂದನ್ನು ಹಾಳು ಮಾಡಿದ್ದೇನೆ. ಶಂಟುಗಳನ್ನೂ ಹೊಡೆದು ತೆಗೆಯಿರಿ, ವೆಲ್ಡರಿಗೆ ಕಡಿವಾಣ ಬೇಡ. ಖಾಲಿಯಾದ ಕಿಂಡಿಗೆ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಲೆದರಾಯ್ಡ್ ಪೇಪರ್, ಕರೆಂಟ್ ದಾಟಲು ಬಿಡದ ಗಟ್ಟಿ ಕಾಗದ, ಹಾಸಿ.

ಈಗ ಪ್ಲಗ್ ಕಟ್ಟಬಹುದು. ಮೂರು ಪಿನ್ನಿನದು, ಮತ್ತು ಅರ್ಥ್ ವೈರನ್ನು ಕೋರಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಮೊದಲ ಸಲ ಸೀದಾ ಹಾಕಬೇಡಿ, ಸೀರೀಸ್ ಬೋರ್ಡಿನಲ್ಲಿ 100 ವ್ಯಾಟಿನ ಹಳೇ ಬಲ್ಬಿನ ಮೂಲಕ ಹಾಕಿ. ಬಲ್ಬು ಮಂಕಾಗಿದ್ದರೆ ಪ್ರೈಮರಿ ಆರೋಗ್ಯವಾಗಿದೆ. ಪೂರ್ತಿ ಬೆಳಗಿದರೆ ಒಳಗೆಲ್ಲೋ ಶಾರ್ಟ್ ಆಗಿದೆ, ಅದು ಗುಜರಿಗೇ.

ಎಷ್ಟು ಸುತ್ತಿಗೆ ಎಷ್ಟು ವೋಲ್ಟ್ ಎಂದು ಪುಸ್ತಕ ನೋಡುವುದು ಬೇಡ. ಯಾವುದಾದರೂ ಹೊದಿಕೆ ವೈರನ್ನು ಆ ಖಾಲಿ ಕಿಂಡಿಯಲ್ಲಿ ಹತ್ತು ಸುತ್ತು ಸುತ್ತಿ ಎಸಿ ವೋಲ್ಟ್ ಅಳೆಯಿರಿ. ಈ ಅಳತೆ ಮಾತ್ರ ಬಲ್ಬ್ ಇಲ್ಲದೆ, ಸೀದಾ ಸಪ್ಲೈಯಲ್ಲಿ. ಇದರಲ್ಲಿ ನನಗೆ 8.8 ಬಂತು. ಅಂದರೆ ಒಂದು ಸುತ್ತಿಗೆ 0.88 ವೋಲ್ಟ್. ಹಾಗಾದರೆ ಪ್ರೈಮರಿಯಲ್ಲಿ 260 ಸುತ್ತು ಇದೆ ಎಂದೂ ಗೊತ್ತಾಯಿತು. ಬಿಚ್ಚದೆಯೇ ಎಣಿಸಿದ ಹಾಗೆ!

ವೆಲ್ಡರಿಗೆ ಬೇಕಾದದ್ದು ಎರಡೇ ಸುತ್ತು. 50 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್. 1.76 ವೋಲ್ಟ್, ಪೆನ್ ಟಾರ್ಚಿನ ಸೆಲ್ಲಿಗಿಂತ ಒಂಚೂರು ಜಾಸ್ತಿ. ಇದರಿಂದ ಏನಾಗುತ್ತದೆ ಎಂದು ನಗಬೇಡಿ. ಈ ಕೇಬಲ್ ಒಂದು ಮೀಟರಿಗೆ ಒಂದು ಓಮಿನ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲಷ್ಟೇ ತಡೆ ಕೊಡುತ್ತದೆ ಎನ್ನಬಹುದು. ಒಂದೂವರೆ ಮೀಟರ್ ಕೇಬಲಿಗೆ ಅರ್ಧ ಮಿಲಿಓಮ್. ತುದಿಯ ತಾಮ್ರದ ಕಡ್ಡಿ, ಪಟ್ಟಿ, ಜೋಡಣೆ ಎಲ್ಲ ಸೇರಿ ಇನ್ನೆರಡು ಮಿಲಿಓಮ್ ಇಟ್ಟುಕೊಳ್ಳಿ. 1.76ನ್ನು ಎರಡೂವರೆ ಮಿಲಿಓಮಿನಿಂದ ಭಾಗಿಸಿ: 700 ಆಂಪ್! ಟ್ರಾನ್ಸ್‌ಫಾರ್ಮರಿನ ಸ್ವಂತ ನಷ್ಟದಿಂದ ನಿಜದಲ್ಲಿ ಅಷ್ಟು ಬರುವುದಿಲ್ಲ, ಆದರೂ ನೂರಾರು ಆಂಪ್ ಬರುತ್ತದೆ. ಗೋಡೆಯ ಸಾಕೆಟ್ಟಿನಿಂದ ಇದಕ್ಕೆ ಎಳೆಯುವುದು ಐದಾರು ಆಂಪ್ ಮಾತ್ರ.

ತಡೆ ಎಲ್ಲಿ ಜಾಸ್ತಿಯೋ ಅಲ್ಲೇ ಕಾವು. ಇಡೀ ದಾರಿಯಲ್ಲಿ ಅತಿ ಹೆಚ್ಚು ತಡೆ ಇರುವುದು ಎರಡು ತಗಡು ಮುಟ್ಟುವ ಜಾಗದಲ್ಲಿ. ಹಾಗಾಗಿ ಅಲ್ಲೇ ಕರಗುತ್ತದೆ, ಅಲ್ಲೇ ಬೆಸೆಯುತ್ತದೆ. ಕೇಬಲ್ ತುದಿಗೆ ಒತ್ತಿಸಿದ ಲೋಹದ ಲಗ್ ಸಡಿಲ ಇದ್ದರೆ ತಗಡಿನ ಬದಲು ಲಗ್ ಕರಗುತ್ತದೆ. ಬೆಸುಗೆ ಹಿಡಿಯದಿದ್ದರೆ ವೋಲ್ಟೇಜ್ ಏರಿಸಲು ಹೋಗಬೇಡಿ, ಮೊದಲು ಲಗ್ಗನ್ನು ಸರಿಯಾಗಿ ಒತ್ತಿಸಿ.

ಇಷ್ಟು ಆಂಪ್ ಇದ್ದರೂ ತುದಿಗಳನ್ನು ಬರಿಗೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ, 1.76 ವೋಲ್ಟ್ ಚರ್ಮ ದಾಟಲಾರದು. ಆದರೆ ಉಂಗುರ, ಬಳೆ, ವಾಚು ತೆಗೆದಿಡಿ. ಉಂಗುರ ಎರಡು ತುದಿಗೂ ತಾಗಿದರೆ ಅದು ಕ್ಷಣದಲ್ಲಿ ಕೆಂಪಗಾಗುತ್ತದೆ, ಬೆರಳು ಒಳಗೇ ಇರುತ್ತದೆ.

ತಗಡು ಬೆಸೆಯುವುದಾದರೆ ಸಾಮಾನ್ಯ ಪುಶ್ ಬಟನ್ನೇ ಸಾಕು, ಬಾಯಲ್ಲಿ "ಒಂದು" ಎಂದು ಎಣಿಸಿ ಬಿಡುವುದು. ಆದರೆ ಈಗ ಎಲ್ಲರೂ ಕೇಳುವುದು ಲಿಥಿಯಂ ಸೆಲ್ಲುಗಳನ್ನು ಒಂದಕ್ಕೊಂದು ಜೋಡಿಸುವ ನಿಕಲ್ ಪಟ್ಟಿ ಹಾಕುವುದಕ್ಕೆ. 18650 ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಪಟ್ಟಿ 0.1 ಅಥವಾ 0.15 ಮಿಲಿಮೀಟರ್. ಇದಕ್ಕೆ ಕೈ ಲೆಕ್ಕ ನಡೆಯುವುದಿಲ್ಲ. ಕೆಲವು ಹತ್ತು ಮಿಲಿಸೆಕೆಂಡ್ ಸಾಕು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಒಂದು ಸೈಕಲ್ಲಿಗೆ 20 ಮಿಲಿಸೆಕೆಂಡ್. ಅಂದರೆ ಒಂದೆರಡು ಸೈಕಲ್ಲಿನ ಆಟ. ಜಾಸ್ತಿಯಾದರೆ ಸೆಲ್ಲಿನ ತಳಕ್ಕೆ ತೂತು, ತೂತಾದ ಲಿಥಿಯಂ ಸೆಲ್ ಎಂದರೆ ಬೆಂಕಿ. ಹೀಗಾಗಿ ಆರ್ಡುಯಿನೋ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್ ಒಂದು ಇಟ್ಟು ಸಮಯ ಅಳೆಯಬೇಕು.

ಇಲ್ಲಿ ನನ್ನನ್ನು ಎರಡು ವಾರ ಸತಾಯಿಸಿದ ಒಂದು ವಿಷಯ ಹೇಳಲೇಬೇಕು. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್ಚು, ಹಾಕಿದ್ದೆ. ಮೂರು ಸಲ ಒತ್ತಿದರೆ ಒಂದು ಸಲ ಎಂಸಿಬಿ ಬೀಳುತ್ತಿತ್ತು. ಸುತ್ತು ಶಾರ್ಟ್ ಆಗಿದೆ ಎಂದು ಮತ್ತೆ ಬಿಚ್ಚಿದೆ, ಏನೂ ಇಲ್ಲ. ಆಮೇಲೆ ಗೊತ್ತಾಯಿತು. ಆ ರಿಲೇಗಳು ಎಸಿ ವೋಲ್ಟೇಜ್ ಏರಿ ಇಳಿಯುತ್ತಾ ಸೊನ್ನೆಗೆ ಬಂದಾಗಲೇ ಆನ್ ಆಗುವಂಥವು. ಬಲ್ಬಿಗೆ, ಹೀಟರಿಗೆ ಅದು ಒಳ್ಳೆಯದು. ಟ್ರಾನ್ಸ್‌ಫಾರ್ಮರಿಗೆ ಅದಕ್ಕಿಂತ ಕೆಟ್ಟ ಮುಹೂರ್ತ ಇಲ್ಲ. ಸೊನ್ನೆಯಲ್ಲಿ ಶುರು ಮಾಡಿದರೆ ಮೊದಲ ಅರ್ಧ ಸೈಕಲ್ಲಿನಲ್ಲಿ ಫ್ಲಕ್ಸ್ ಮಾಮೂಲಿನ ಎರಡರಷ್ಟು ಏರಲು ನೋಡುತ್ತದೆ. ಮೊದಲೇ ತುಂಬಿ ತುಳುಕುವ ಕಬ್ಬಿಣ. ಅದು ಕೈಚೆಲ್ಲುತ್ತದೆ, ಕರೆಂಟು ಹುಚ್ಚೆದ್ದು ಏರುತ್ತದೆ. ವೋಲ್ಟೇಜ್ ಶಿಖರದಲ್ಲಿರುವಾಗ ಆನ್ ಮಾಡಿದರೆ ಈ ತೊಂದರೆ ಇಲ್ಲ. ಹಾಗಾಗಿ ಬಿಟಿಎ41 ಟ್ರಯಾಕ್ ಎಂಬ ಎಸಿ ಸ್ವಿಚ್ಚು, ಅದನ್ನು ಆನ್ ಮಾಡಲು ಎಂಒಸಿ3052 ಎಂಬ ಚಿಪ್ ಹಾಕಿದೆ. ಎಂಒಸಿ3041 ತರಬೇಡಿ, ನೋಡಲು ಒಂದೇ ಥರ, ಆದರೆ ಅದು ಸೊನ್ನೆಗೆ ಕಾಯುವ ಜಾತಿ. ಇನ್ನೊಂದು, ಯಾವಾಗಲೂ ಪೂರ್ತಿ ಸೈಕಲ್ಲುಗಳನ್ನೇ ಕೊಡಿ. ಅರ್ಧಕ್ಕೆ ನಿಲ್ಲಿಸಿದರೆ ಕೋರಿನಲ್ಲಿ ಕಾಂತತ್ವ ಒಂದು ಕಡೆಗೆ ವಾಲಿ ಉಳಿಯುತ್ತದೆ, ಮುಂದಿನ ಏಟಿಗೆ ಅದೇ ಕಾಟ.

ನಾನು ಎರಡು ಏಟು ಕೊಡುತ್ತೇನೆ. ಮೊದಲನೆಯದು ಒಂದು ಸೈಕಲ್, ಪಟ್ಟಿ ಕೂರಲು, ಮೇಲಿನ ಕೊಳೆ ಸುಡಲು. ಸ್ವಲ್ಪ ಬಿಟ್ಟು ಎರಡನೆಯದು, ಬೆಸೆಯಲು. ಸೆಲ್ ಮುಟ್ಟುವ ಮೊದಲು ಗುಜರಿ ಸೆಲ್ಲಿನ ಖಾಲಿ ಡಬ್ಬಿಯ ಮೇಲೆ ಅಭ್ಯಾಸ ಮಾಡಿ. ಇಕ್ಕಳದಲ್ಲಿ ಹಿಡಿದು ಕೀಳಬೇಕು. ಪಟ್ಟಿ ಹರಿದು, ಬೆಸುಗೆಯ ಚುಕ್ಕೆ ಅಲ್ಲೇ ಉಳಿದರೆ ಪಾಸ್. ಪಟ್ಟಿ ಪೂರ್ತಿ ಕಿತ್ತು ಬಂದರೆ ಫೇಲ್. ನಿಕಲ್ ಎಂದು ಮಾರುವುದರಲ್ಲಿ ನಿಕಲ್ ಲೇಪಿಸಿದ ಸ್ಟೀಲೂ ಇರುತ್ತದೆ. ಒಂದು ತುಂಡನ್ನು ಗೀಚಿ ರಾತ್ರಿ ಉಪ್ಪು ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ತುಕ್ಕು ಕಂಡರೆ ಅಂಗಡಿ ಬದಲಿಸಿ.

ಬೇರೆ ಉಪಯೋಗ ಬೇಗ ಹೇಳಿ ಮುಗಿಸುತ್ತೇನೆ. ಕೋರಿನ ವೆಲ್ಡಿಂಗ್ ಗೆರೆಯನ್ನು ಗ್ರೈಂಡರಿನಿಂದ ಕೊಯ್ದು ಮೇಲಿನ ಪಟ್ಟಿ ತೆಗೆದರೆ ಉಳಿದದ್ದು ಒಳ್ಳೆಯ ವಿದ್ಯುತ್ಕಾಂತ, ಪ್ರೈಮರಿಗೆ 12 ವೋಲ್ಟ್ ಡಿಸಿ ಕೊಟ್ಟರೆ ಸಾಕು. ಜಾಸ್ತಿ ಹೊತ್ತು ಬಿಡಬೇಡಿ. ದೀರ್ಘ ಕೆಲಸಕ್ಕೇ ಬೇಕು ಎಂದಾದರೆ ಒಂದೇ ಥರದ ಎರಡರ ಪ್ರೈಮರಿಗಳನ್ನು ಸೀರೀಸ್ ಮಾಡಿ. ಒಂದೊಂದಕ್ಕೂ 115 ವೋಲ್ಟ್ ಬಂದು ಕಬ್ಬಿಣ ನಿರಾಳವಾಗುತ್ತದೆ, ಗುಂಯ್ ನಿಲ್ಲುತ್ತದೆ. ಗಣಪತಿ ಹಬ್ಬದ ದಿನ ನನಗೆ ಇದು ಗೊತ್ತಿದ್ದರೆ! ತಟ್ಟೆ ತಿರುಗಿಸುವ ಸಣ್ಣ ಮೋಟಾರು, ಫ್ಯಾನು, ಬಾಗಿಲಿನ ಮೂರು ಮೈಕ್ರೋಸ್ವಿಚ್ಚು, ಎಲ್ಲವೂ ಕೆಲಸದವು.

ಇನ್ನು ಪ್ರಶ್ನೆಗಳು.

ಪಾಲಿಟೆಕ್ನಿಕ್ ಹುಡುಗ ಒಬ್ಬ ಕೇಳಿದ: "ಸರ್, ಎರಡು ಸೇರಿಸಿ ಆರ್ಕ್ ವೆಲ್ಡಿಂಗ್ ಮಷೀನ್ ಮಾಡಬಹುದಾ?" ಮಾಡಬಹುದಪ್ಪ, ಬಹಳ ಜನ ಮಾಡಿದ್ದಾರೆ. ಆರ್ಕ್ ಹಿಡಿಯಲು 50 ವೋಲ್ಟ್ ಆಸುಪಾಸು ಬೇಕು, ಎರಡರಿಂದ ಕೂಡಿಸಬಹುದು. ಆದರೆ ಎರಡು ಮೂರು ರಾಡ್ ಸುಡುವಷ್ಟರಲ್ಲಿ ಹೊಗೆ ಬರುತ್ತದೆ. ಹಾಕುವ ತಾಮ್ರದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಇನ್ವರ್ಟರ್ ಮಷೀನೇ ಸಿಗುತ್ತದೆ.

ಮುಂದೆ ಕೂತಿದ್ದ ಒಬ್ಬರು, "ನಮ್ಮ ಓವನ್ ಬಿಚ್ಚಿದರೆ ಈ ಗಡ್ಡೆಯೇ ಇರಲಿಲ್ಲ, ಸಣ್ಣ ಬೋರ್ಡ್ ಇತ್ತು" ಎಂದರು. ಅದು ಇನ್ವರ್ಟರ್ ಓವನ್, ಮೇಡಂ. ಅದರಲ್ಲಿರುವುದು ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಓಡುವ ಫೆರೈಟ್ ಟ್ರಾನ್ಸ್‌ಫಾರ್ಮರ್. ನಮ್ಮ ಕೆಲಸಕ್ಕೆ ಬಾರದು, ಅಪಾಯ ಮಾತ್ರ ಅಷ್ಟೇ ಇದೆ. ಅದನ್ನು ಹಾಗೇ ಇ-ವೇಸ್ಟಿಗೆ ಕೊಟ್ಟುಬಿಡಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಮೂವತ್ತು ವರ್ಷದಿಂದ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರಂತೆ. ಪ್ರಶ್ನೆ ಕೇಳಲಿಲ್ಲ. ಸೀದಾ ಮೇಜಿನ ಹತ್ತಿರ ಬಂದು ನನ್ನ ವೆಲ್ಡರಿನ ಕೇಬಲ್ ಎತ್ತಿ ನೋಡಿ, "ಮಾತೆಲ್ಲ ಸರಿ ಸ್ವಾಮಿ, ಈ ಕೇಬಲ್ ಯಾಕೆ ಇಷ್ಟುದ್ದ ಬಿಟ್ಟಿದ್ದೀರಿ? ಅರ್ಧ ಕರೆಂಟು ಇಲ್ಲೇ ಸಾಯ್ತಿದೆ" ಎಂದರು. ಹಾಲ್ ತುಂಬಾ ನಗು. ಮಾರನೇ ದಿನ ಎರಡೂ ಕಡೆ ಒಂದೊಂದು ಗೇಣು ಕತ್ತರಿಸಿ ಲಗ್ ಒತ್ತಿಸಿದೆ. ಮೂರು ಸೈಕಲ್ಲಿನಲ್ಲಿ ಹಿಡಿಯುತ್ತಿದ್ದ ಪಟ್ಟಿ ಈಗ ಎರಡೇ ಸೈಕಲ್ಲಿಗೆ ಹಿಡಿಯುತ್ತಿದೆ.